ಆರಾಮಿಲ್ಲ, ಬರ್ರಿ

ಎನ್ಕಾರ್ನಾ ಅಕ್ಕೋರಿಗೆ ಸ್ವಪ್ನಾಳ ಮೇಲೆ ಸಿಟ್ಟು ಬರುತ್ತಿದ್ದುದು ಒಂದೇ ಕಾರಣಕ್ಕೆ. ಸ್ನಾನಕ್ಕೆ ಬಿಸಿನೀರು ತಡವಾದರೂ ನಗುತ್ತಿದ್ದರು, ಅಡಿಗೆಯ ಶಂಕ್ರೆವ್ವ ಪಲ್ಯಕ್ಕೆ ಖಾರ ಸುರಿದು ಕಣ್ಣಲ್ಲಿ ನೀರು ಬರಿಸಿದರೂ ನಗುತ್ತಿದ್ದರು. ಆದರೆ ಸ್ವಪ್ನಾ ಯಾರಿಗಾದರೂ ಒಳ್ಳೆಯದಾಗಲಿ ಎಂದು ಸ್ಪ್ಯಾನಿಷ್‌ನಲ್ಲಿ ಹಾರೈಸಲು ಹೋಗಿ ಕ್ರಿಯಾಪದ ಕೆಡಿಸಿದಳೋ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತುಬಿಡುತ್ತಿದ್ದರು. ಮೂವತ್ತೈದು ವರ್ಷ ಸ್ಪೇನಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದ ಹೆಂಗಸು. ಶಾಲೆ ಬಿಟ್ಟರೂ ಶಾಲೆಯ ಚಟ ಬಿಟ್ಟಿರಲಿಲ್ಲ.

ಪ್ರತಿ ಚಳಿಗಾಲಕ್ಕೆ ಮೂರು ತಿಂಗಳು ಅವರು ಮುಂಡಗೋಡಕ್ಕೆ ಬರುತ್ತಿದ್ದರು. ಬೆಳಿಗ್ಗೆ ಟಿಬೆಟನ್ ಕ್ಯಾಂಪಿನ ಮಠದಲ್ಲಿ ಕೂತು ಪಾಠ ಕೇಳುವುದು, ಸಂಜೆ ಮಹಾಬಳೇಶ್ವರನ ಅತಿಥಿಗೃಹದ ಕಟ್ಟೆಯ ಮೇಲೆ ಕೂತು ಸ್ವಪ್ನಾಳಿಗೆ ಪಾಠ ಹೇಳುವುದು. ಹೀಗೆ ಆರು ಚಳಿಗಾಲ ಕಳೆದಿದ್ದವು. ಅಕ್ಕೋರು ಎಂದು ಕರೆಯತೊಡಗಿದವಳು ಶಂಕ್ರೆವ್ವ. ಶಾಲೆಯಲ್ಲಿ ಕಲಿಸಿದ ಹೆಂಗಸು ಯಾವ ದೇಶದವಳಾದರೂ ಸನವಳ್ಳಿಯ ಶಂಕ್ರೆವ್ವನಿಗೆ ಅಕ್ಕೋರೇ.

ಸ್ವಪ್ನಾ ಅತಿಥಿಗೃಹದ ಮುಂದಿನ ಮೇಜಿನಲ್ಲಿ ಕೂರುವವಳು. ಬಂದವರ ಪಾಸ್‌ಪೋರ್ಟು ನೋಡುವುದು, ಕ್ಯಾಂಪಿನಲ್ಲಿ ಇರಲು ಬೇಕಾದ ಪರವಾನಗಿ ಪರೀಕ್ಷಿಸುವುದು, ಕೋಣೆಯ ಕೀಲಿ ಕೊಡುವುದು ಅವಳ ಕೆಲಸ. ಅಪ್ಪ ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದವನು. ಅವನು ತೀರಿಹೋದ ಮೇಲೆ ಕ್ವಾರ್ಟರ್ಸ್ ಬಿಟ್ಟು ತಾಯಿ ಮಗಳು ತೇರಗಾಂವದ ಅಜ್ಜಿಯ ಮನೆ ಸೇರಿದ್ದರು. ಇಲ್ಲಿ ಕೆಲಸಕ್ಕೆ ಬಂದ ಹೊಸತರಲ್ಲಿ ಅಕ್ಕೋರಿಗೆ ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಲು ನಾಲ್ಕು ಶಬ್ದ ಕಲಿತಳು. ನಾಲ್ಕು ನಾನೂರಾಯಿತು, ನಾನೂರು ಒಂದು ಗೀಳಾಯಿತು. ಮಾಲೀಕ ಮಹಾಬಳೇಶ್ವರ ಬಿಟ್ಟಾನೆಯೇ, ಗೇಟಿಗೆ "ಇಲ್ಲಿ ಸ್ಪ್ಯಾನಿಷ್ ಮಾತನಾಡುತ್ತಾರೆ" ಎಂದು ಬೋರ್ಡು ಬರೆಸಿ ನೇತುಹಾಕಿದ. ಅವನಿಗೆ ಬರುತ್ತಿದ್ದ ಸ್ಪ್ಯಾನಿಷ್ ಅಂದರೆ ಆ ಬೋರ್ಡು ಮಾತ್ರ.

ಬರುವ ಮಾರ್ಚಿನಲ್ಲಿ ಸ್ವಪ್ನಾಳಿಗೆ ಪರೀಕ್ಷೆ ಇತ್ತು. ಪಾಸಾದರೆ ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡಬಹುದು. ಅವಳನ್ನು ಕಾಡುತ್ತಿದ್ದುದು ಸಬ್‌ಜಂಕ್ಟಿವ್ ಎಂಬ ಒಂದು ಪಾಠ. ನಡೆದದ್ದು, ನಡೆಯುತ್ತಿರುವುದು, ಕಣ್ಣಿಗೆ ಕಂಡದ್ದು, ಇವುಗಳಿಗೆ ಕ್ರಿಯಾಪದದ ಒಂದು ರೂಪ. ಆಗಲಿ ಎಂದು ಬಯಸುವುದು, ಆದೀತೋ ಏನೋ ಎಂದು ಅಂಜುವುದು, ಆಗಲಾರದು ಎಂದು ಅನುಮಾನಿಸುವುದು, ಇವುಗಳಿಗೆ ಇನ್ನೊಂದು ರೂಪ. ಕೇಳಲು ಸಸಾರ. ಬಾಯಿಗೆ ಬರುವಾಗ ಮಾತ್ರ ಅವಳು ಆಗಲಿ ಎನ್ನಬೇಕಾದಲ್ಲಿ ಆಗಿದೆ ಎಂದುಬಿಡುತ್ತಿದ್ದಳು, ಕನ್ನಡಕ ಮೇಜಿಗೆ ಬರುತ್ತಿತ್ತು.

ಒಂದು ಸಂಜೆ ಶಂಕ್ರೆವ್ವ ತನ್ನ ತಂಗಿಯನ್ನು ಗೇಟಿನ ತನಕ ಕಳಿಸಿ ಬರಲು ಹೋದವಳು ಅರ್ಧ ತಾಸು ಹರಸುತ್ತ ನಿಂತಳು. ಚೊಲೋ ಆಗಲಿ, ಮಕ್ಕಳ ಹೊಟ್ಟೆ ತಣ್ಣಗಿರಲಿ, ಎಮ್ಮೆ ಹಾಲು ಕೊಡಲಿ, ಸೊಸೆಯ ಬಾಯಿ ಸ್ವಲ್ಪ ಮುಚ್ಚಲಿ. ಸ್ವಪ್ನಾ ಅದನ್ನು ಅಕ್ಕೋರಿಗೆ ಅರ್ಥ ಮಾಡಿ ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. ನಿಮ್ಮ ಅಡಿಗೆಯವಳು ಇಡೀ ದಿನ ಈ ಪಾಠದಲ್ಲೇ ವಾಸ ಮಾಡುತ್ತಾಳೆ, ನಿನಗೆ ಮಾತ್ರ ಇದರ ಬಾಗಿಲು ಸಿಗುವುದಿಲ್ಲ ಎಂದರು.

ಜನವರಿಯ ಒಂದು ಗುರುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತಿದ್ದ ಎನ್ಕಾರ್ನಾ ಎದೆ ಹಿಡಿದುಕೊಂಡರು. ಚಮಚ ಕೆಳಗೆ ಬಿತ್ತು. ಮಹಾಬಳೇಶ್ವರ ತನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದ. ದಾರಿಯುದ್ದಕ್ಕೂ ಸ್ವಪ್ನಾ ಅವರ ಕೈ ಹಿಡಿದಿದ್ದಳು, ಆ ಕೈ ಅರ್ಧ ದಾರಿಗೆ ಹಿಡಿತ ಬಿಟ್ಟಿತ್ತು. ಡಾಕ್ಟರು ಮಾಡುವುದನ್ನೆಲ್ಲ ಮಾಡಿ, ಹನ್ನೊಂದು ಗಂಟೆಗೆ ಹೊರಗೆ ಬಂದು, ಮನೆಯವರು ಯಾರು ಎಂದು ಕೇಳಿದರು. ಮನೆಯವರು ಏಳೆಂಟು ಸಾವಿರ ಕಿಲೋಮೀಟರ್ ದೂರ ಇದ್ದರು.

ರಜಿಸ್ಟರಿನಲ್ಲಿ ಮಗಳ ನಂಬರು ಇತ್ತು. ಹೆಸರು ನೂರಿಯಾ. ನೀನೇ ಹೇಳಬೇಕು, ನಿನ್ನ ಬಿಟ್ಟರೆ ಆ ಭಾಷೆ ಯಾರಿಗೆ ಬರುತ್ತದೆ ಎಂದು ಮಹಾಬಳೇಶ್ವರ ಫೋನನ್ನು ಸ್ವಪ್ನಾಳ ಕೈಗೆ ಕೊಟ್ಟ. ಹಿಂದಿನಿಂದ ಬಸ್ಸು ಹಿಡಿದು ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಅಳುತ್ತಿದ್ದ ಶಂಕ್ರೆವ್ವ, ಸೆರಗಿನಿಂದ ಮುಖ ಒರೆಸಿಕೊಂಡು ಅವಳ ಮಣಿಕಟ್ಟು ಹಿಡಿದಳು.

"ಫೋನಿನ್ಯಾಗ ಹೋದ್ರು ಅಂತ ಹೇಳಬ್ಯಾಡ ಮಗಳ. ಹೆಣ್ಮಗಳು, ಅಲ್ಲೆ ಒಬ್ಬಾಕಿ ಇರ್ತಾಳ. ಎದಿ ಒಡಕೊಂಡು ಬಿದ್ರ ಹಿಡಿಯಾಕ ಯಾರದಾರ? ಆರಾಮಿಲ್ಲ, ಲಗೂನ ಬರ್ರಿ ಅನ್ನು. ಇಲ್ಲಿಗೆ ಬಂದ ಮ್ಯಾಲ ತಾನ ತಿಳೀತೈತಿ."

ಇದರಲ್ಲಿ ಶಂಕ್ರೆವ್ವನ ಹೊಸ ಶೋಧ ಏನೂ ಇಲ್ಲ. ಈ ಕಡೆ ಸಾವಿನ ಸುದ್ದಿ ಹಿಂದಿನಿಂದಲೂ ಹೀಗೇ ಪ್ರಯಾಣ ಮಾಡುವುದು. ಆರಾಮಿಲ್ಲ, ಬರ್ರಿ. ಅಷ್ಟೇ. ಹೇಳುವವನು ಆ ಶಬ್ದ ಆಡುವುದಿಲ್ಲ, ಕೇಳುವವನು ಕೇಳುವುದಿಲ್ಲ. ಊರು ಮುಟ್ಟಿ ಮನೆಯ ಮುಂದೆ ಸೇರಿದ ಮಂದಿಯನ್ನು ನೋಡಿದಾಗ ಉಳಿದದ್ದು ತಾನಾಗಿ ತಿಳಿಯುತ್ತದೆ, ಅಷ್ಟು ಹೊತ್ತಿಗೆ ಹಿಡಿದುಕೊಳ್ಳಲು ಹತ್ತು ಕೈಗಳೂ ಇರುತ್ತವೆ. ಸ್ವಪ್ನಾ ಬೆಳಗಾವಿಯ ಹಾಸ್ಟೆಲಿನಲ್ಲಿದ್ದಾಗ ಅಪ್ಪನ ಸುದ್ದಿ ಅವಳಿಗೂ ಹೀಗೇ ಬಂದಿತ್ತು. ಅಪ್ಪನ ಗೆಳೆಯ, ದಾಂಡೇಲಿಯ ಮೆಕ್ಯಾನಿಕ್ ಜಾಹಿದ ಚಾಚಾ ಫೋನು ಮಾಡಿ, ಅಪ್ಪಗ ಆರಾಮಿಲ್ಲ, ಬಾ ಬೇಟಾ ಎಂದಿದ್ದ. ಅವಳು ಮರುಮಾತಾಡದೆ ಚೀಲ ತುಂಬಿಕೊಂಡು ಬಸ್ಸು ಹತ್ತಿ, ದಾಂಡೇಲಿ ಮುಟ್ಟುವ ತನಕ ಕಿಟಕಿಗೆ ಮುಖ ಕೊಟ್ಟು ಅತ್ತಿದ್ದಳು. ಆರಾಮಿಲ್ಲದ ಅಪ್ಪನಿಗಾಗಿ ಯಾರೂ ಹಾಗೆ ಅಳುವುದಿಲ್ಲ.

ಹೀಗಾಗಿ ಅವಳು ಶಂಕ್ರೆವ್ವನ ಮಾತು ಕೇಳಿದಳು. ಹಾಗೆಂದು ತಪ್ಪನ್ನೆಲ್ಲ ಸಂಪ್ರದಾಯದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ತೀರಿಕೊಂಡರು ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡೇ ಶಬ್ದ, ಅವನ್ನು ಅವಳು ಮೊದಲ ವರ್ಷವೇ ಕಲಿತಿದ್ದಳು. ಭಾಷೆ ಅವಳಿಗೆ ಕೈಕೊಟ್ಟಿರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು, ಹೆದರಿಕೆಗೆ ಶಂಕ್ರೆವ್ವನ ಮಾತು ಒಳ್ಳೆಯ ಮರೆಯಾಗಿ ಸಿಕ್ಕಿತು.

ಅಲ್ಲಿ ಆಗಿನ್ನೂ ನಸುಕು. ನೂರಿಯಾ ನಿದ್ದೆಗಣ್ಣಿನಲ್ಲಿ ಫೋನು ಎತ್ತಿದಳು. ಸ್ವಪ್ನಾ ತಾನು ಯಾರೆಂದು ಹೇಳಿ, ನಿಮ್ಮ ತಾಯಿಗೆ ಬಹಳ ಆರಾಮಿಲ್ಲ, ಆಸ್ಪತ್ರೆಯಲ್ಲಿದ್ದಾರೆ, ಬೇಗ ಬನ್ನಿ ಎಂದಳು. ಸ್ವಪ್ನಾ ಕಾದಳು. ಈಗ ತಿಳಿಯುತ್ತದೆ, ಈಗ ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ಪ್ರಶ್ನೆ. ಡಾಕ್ಟರು ಏನು ಹೇಳುತ್ತಾರೆ, ಬದುಕುತ್ತಾಳೆಯೇ?

"ಅವರು ಗುಣವಾಗಲಿ ಎಂದು ಆಶಿಸುತ್ತೇನೆ" ಎಂದಳು ಸ್ವಪ್ನಾ.

ಆ ವಾಕ್ಯ ಸ್ಪ್ಯಾನಿಷ್‌ನಲ್ಲಿ ಬೆಣ್ಣೆಯಂತೆ ಬಾಯಿಂದ ಜಾರಿತು. ಆರು ಚಳಿಗಾಲ ತಪ್ಪಿದ್ದ ರೂಪ ಒಂದು ಅಕ್ಷರವೂ ಆಚೀಚೆ ಆಗದೆ ಬಂದಿತ್ತು. ಹೇಳಲು ನಾಚಿಕೆಯಾಗಬೇಕು, ಆದರೆ ಆದದ್ದು ಆದದ್ದೇ. ಒಂದು ಕ್ಷಣ ಅವಳಿಗೆ ಒಳಗೊಳಗೆ ಖುಷಿಯಾಯಿತು, ಅಕ್ಕೋರು ಕೇಳಿಸಿಕೊಂಡರೇ ಎಂದು ತಿರುಗಿ ನೋಡಿದಳು. ಹತ್ತು ಹೆಜ್ಜೆ ಆಚೆ ಬಾಗಿಲ ಸಂದಿಯಲ್ಲಿ ಬಿಳಿಯ ಬಟ್ಟೆ ಹೊದಿಸಿದ ಅವರ ಪಾದಗಳು ಕಂಡವು. ಆ ಕ್ಷಣಕ್ಕಾಗಿ ಅವಳು ತನ್ನನ್ನು ತಾನು ಇನ್ನೂ ಕ್ಷಮಿಸಿಲ್ಲ.

ನೂರಿಯಾ ಆ ಕಡೆ ಉಸಿರು ಬಿಟ್ಟಳು. ದೇವರು ದೊಡ್ಡವನು, ಬದುಕಿದ್ದಾಳಲ್ಲ ಸಾಕು, ಬರುತ್ತೇನೆ, ಅವಳಿಗೆ ಹೇಳು ನಾನು ಬರುತ್ತಿದ್ದೇನೆಂದು. ಧ್ವನಿಯಲ್ಲಿ ಅವಸರವಿತ್ತು, ಆಸೆಯಿತ್ತು. ಈ ಹೆಂಗಸಿಗೆ ತಿಳಿದಿಲ್ಲ. ಆರಾಮಿಲ್ಲ, ಬರ್ರಿ ಎಂಬ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಇವಳಿಗೆ ಯಾರೂ ಕಲಿಸಿಲ್ಲ.

ಆಗಲೇ ಮತ್ತೆ ಫೋನು ಮಾಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮಾಡಲಿಲ್ಲ. ಐದು ನಿಮಿಷ ಬಿಟ್ಟು ಮಾಡೋಣ ಎಂದುಕೊಂಡಳು, ಚಹಾ ಕುಡಿದು ಮಾಡೋಣ ಎಂದುಕೊಂಡಳು. ಅಷ್ಟರಲ್ಲಿ ಪೊಲೀಸರು ಬಂದರು. ಪರದೇಶದವರು ತೀರಿಕೊಂಡರೆ ಅವರು ಬರಲೇಬೇಕು. ಮನೆಯವರಿಗೆ ತಿಳಿಸಿದ್ದೀರಾ ಎಂದು ಕೇಳಿದರು. ಮಹಾಬಳೇಶ್ವರ ತಿಳಿಸೇವ್ರಿ ಎಂದ, ಅವರು ಹಾಗೇ ಬರೆದುಕೊಂಡರು. ಸ್ವಪ್ನಾ ಪಕ್ಕದಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ. ಇನ್ನು ನೂರಿಯಾಳಿಗೆ ಬೇರೆ ಯಾರೂ ಫೋನು ಮಾಡುವ ಕಾರಣ ಉಳಿಯಲಿಲ್ಲ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಸ್ವಪ್ನಾಳ ಸುಳ್ಳಿಗೆ ಮಧ್ಯಾಹ್ನದೊಳಗೆ ನಾಲ್ಕು ಕಾಲು ಬಂದಿದ್ದವು. ಅಮ್ಮನ ಮುಖ ವಿಡಿಯೋದಲ್ಲಿ ತೋರಿಸು ಎಂದು ನೂರಿಯಾ ಬರೆದಳು, ಒಳಗೆ ಫೋನು ಬಿಡುವುದಿಲ್ಲ ಎಂದು ಇವಳು ಬರೆದಳು. ಎಚ್ಚರ ಇದೆಯೇ, ಆಗಾಗ. ನೋವು ಇದೆಯೇ, ಇಲ್ಲ. ಇಲ್ಲ ಎಂಬುದೊಂದು ಮಾತ್ರ ನಿಜವಾಗಿತ್ತು. ವಿಮಾನ ಶುಕ್ರವಾರ ಸಂಜೆಯದು, ಶನಿವಾರ ಬೆಳಿಗ್ಗೆ ಗೋವೆಗೆ ಬರುತ್ತೇನೆ ಎಂದು ಆಕೆ ತಿಳಿಸಿದಳು. ಅದರ ಹಿಂದೆಯೇ ಒಂದು ಧ್ವನಿ ಸಂದೇಶ ಬಂತು. ಇದನ್ನು ಅಮ್ಮನ ಕಿವಿಯ ಹತ್ತಿರ ಹಿಡಿದು ಕೇಳಿಸು, ನಾನು ಬರುವುದು ತಡವಾದರೆ ಎಂದು ಬರೆದಿದ್ದಳು.

ಸ್ವಪ್ನಾ ಅದನ್ನು ಕೇಳಬಾರದಿತ್ತು, ಕೇಳಿದಳು. ತಾಯಿ ಮಗಳು ಒಂದು ವರ್ಷದಿಂದ ಮಾತು ಬಿಟ್ಟಿದ್ದರು. ಮೊಮ್ಮಗಳ ಹುಟ್ಟುಹಬ್ಬಕ್ಕೂ ನಿಲ್ಲದೆ ಹೊರಟ ತಾಯಿಗೆ ಮಗಳು ಸಿಟ್ಟಿನಲ್ಲಿ, ಆ ಸನ್ಯಾಸಿಗಳೇ ನಿನಗೆ ಹೆಚ್ಚಾದರೆ ಅಲ್ಲೇ ಇದ್ದು ಸಾಯಿ ಎಂದುಬಿಟ್ಟಿದ್ದಳು. ಸಂದೇಶದಲ್ಲಿ ಆಕೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಸಾಯಬೇಡ ಅಮ್ಮ, ನಾನು ಹಾಗೆ ಅಂದದ್ದು ಸುಳ್ಳು, ಒಂದು ಸಲ ನನ್ನ ಮೇಲೆ ಸಿಟ್ಟು ಮಾಡಿಕೋ, ಆಮೇಲೆ ಮಾತಾಡು. ಎರಡು ನಿಮಿಷದ ಸಂದೇಶದಲ್ಲಿ ಅರ್ಧದಷ್ಟು ಬರೀ ಅಳು.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಹುಬ್ಬಳ್ಳಿಯಿಂದ ಬಾಡಿಗೆಗೆ ತರಿಸಿದ ಗಾಜಿನ ಮುಚ್ಚಳದ ತಂಪಿನ ಪೆಟ್ಟಿಗೆಯಲ್ಲಿ ಅಕ್ಕೋರನ್ನು ಮಲಗಿಸಿದ್ದರು. ಮಠದಿಂದ ಬಂದ ನಾಲ್ವರು ಮಂತ್ರ ಹೇಳಿ ಎದ್ದು ಹೋಗಿದ್ದರು. ಸ್ವಪ್ನಾ ಒಬ್ಬಳೇ ಒಳಗೆ ಹೋಗಿ, ಗಾಜಿನ ಮೇಲೆ ಫೋನು ಇಟ್ಟು, ಸಂದೇಶ ಹಚ್ಚಿದಳು. ಹೀಗೆ ಮಾಡಿದರೆ ಕೇಳಿಸಿದೆ ಎನ್ನುವುದು ಪೂರ್ತಿ ಸುಳ್ಳಾಗುವುದಿಲ್ಲ ಎಂದು ಅವಳ ಲೆಕ್ಕ. ಪೆಟ್ಟಿಗೆಯ ಮೋಟಾರು ಗುರುಗುಟ್ಟುತ್ತಿತ್ತು, ಅದರ ಮೇಲೆ ಮಗಳ ಅಳು. ಮುಗಿದ ಮೇಲೆ ಹೊರಗೆ ಬಂದು ಬರೆದಳು: ಕೇಳಿಸಿದೆ. ಬೆರಳು ಅಲ್ಲಿಗೆ ನಿಲ್ಲಬೇಕಿತ್ತು. ಏನನ್ನಿಸಿತು ಆಕೆಗೆ ಎಂದು ನೂರಿಯಾ ಕೇಳಿದಳು. ಅದಕ್ಕೆ ಸ್ವಪ್ನಾ, ನಕ್ಕರು ಎಂದು ಬರೆದಳು.

ಆ ದಿನ ಅವಳಿಗೆ ಅನ್ನ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ. ಮಹಾಬಳೇಶ್ವರನಿಗೆ ವಿಷಯ ಗೊತ್ತಾದಾಗ ಅವನು ಒಂದು ಹಾದಿ ತೋರಿಸಿದ. ನಿನಗೆ ಆ ಭಾಷೆ ಪೂರ್ತಿ ಬರುವುದಿಲ್ಲ, ಕ್ರಿಯಾಪದ ಆಚೀಚೆ ಆಯಿತು, ಹೇಳಿದ್ದೊಂದು ಕೇಳಿದ್ದೊಂದು ಎಂದುಬಿಡು, ಪಾಪ ಹಳ್ಳಿಯ ಹುಡುಗಿ ಎಂದು ಅವರೇ ಬಿಡುತ್ತಾರೆ ಎಂದ. ಬೋರ್ಡು ಬರೆಸಿದವನೇ ಹೀಗೆ ಹೇಳಿದ ಎಂಬುದನ್ನು ಗಮನಿಸಬೇಕು. ಸ್ವಪ್ನಾ ಬೇಡ ಎನ್ನಲಿಲ್ಲ. ಆ ಮಾತನ್ನು ಮನಸ್ಸಿನ ಒಂದು ಮೂಲೆಯಲ್ಲಿ ಎತ್ತಿಟ್ಟುಕೊಂಡಳು.

ಶನಿವಾರ ಗೋವೆಗೆ ಕಾರು ತಂದವನು ಜಾಹಿದ ಚಾಚಾ. ಗ್ಯಾರೇಜು ಮಕ್ಕಳಿಗೆ ಬಿಟ್ಟು ಈಗ ಅವನು ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಹೋಗುವ ದಾರಿಯಲ್ಲಿ ಸ್ವಪ್ನಾ ಅವನಿಗೆ ಎಲ್ಲವನ್ನೂ ಹೇಳಿದಳು. ಅವನು ವಿಮಾನ ನಿಲ್ದಾಣದ ಹೊರಗೆ ಗಾಡಿ ನಿಲ್ಲಿಸಿದಾಗ ಇಷ್ಟು ಹೇಳಿದ:

"ನಾ ಅವತ್ತ ನಿನಗ ಸುಳ್ಳ ಹೇಳಲಿಲ್ಲ ಬೇಟಾ. ಆರಾಮಿಲ್ಲ ಅಂದೆ, ನಿನಗ ತಿಳೀತು. ಈಕಿಗಿ ತಿಳಿದಿಲ್ಲ. ತಿಳಿದಿಲ್ಲ ಅಂತ ಗೊತ್ತಾದ ಮ್ಯಾಲೂ ಸುಮ್ನ ಕುಂತಿ ನೋಡು, ಅದು ಸುಳ್ಳು."

ನೂರಿಯಾ ಹೊರಗೆ ಬಂದಳು. ನಲವತ್ತೈದರ ಹೆಂಗಸು, ತಾಯಿಯದೇ ಗಲ್ಲ, ತಾಯಿಯದೇ ಚೂಪು ಮೂಗು. ಕೆಂಪು ಹೂವಿನ ಅಂಗಿ ತೊಟ್ಟಿದ್ದಳು, ಅಮ್ಮನಿಗೆ ಇಷ್ಟದ ಬಣ್ಣ ಎಂದಳು. ಸ್ವಪ್ನಾಳನ್ನು ಕಂಡವಳೇ ತಬ್ಬಿಕೊಂಡು, ನೀನು ಇಲ್ಲದಿದ್ದರೆ ನನ್ನ ಅಮ್ಮನ ಗತಿ ಏನಾಗುತ್ತಿತ್ತು ಎಂದು ಎರಡೂ ಕೆನ್ನೆಗೆ ಮುತ್ತಿಟ್ಟಳು. ಸ್ವಪ್ನಾಳಿಗೆ ಆ ಕೆನ್ನೆಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಕಾರಿನಲ್ಲಿ ಇಬ್ಬರೂ ಹಿಂದೆ ಕೂತರು. ಅನಮೋಡ ಘಟ್ಟ ಹತ್ತುವ ತನಕ ನೂರಿಯಾ ಕೇಳುತ್ತಲೇ ಇದ್ದಳು. ಏನು ತಿನ್ನುತ್ತಾಳೆ, ದಿಂಬು ಎತ್ತರ ಇದೆಯೇ, ಅವಳಿಗೆ ದಿಂಬು ಎತ್ತರ ಬೇಕು. ಚೀಲ ಬಿಚ್ಚಿ ತೋರಿಸಿದಳು. ಹಳೆಯ ಹೃದಯ ಪರೀಕ್ಷೆಯ ಕಾಗದಗಳು, ಆಸ್ಪತ್ರೆಯಲ್ಲಿ ಹಾಕಿಕೊಳ್ಳಲು ಮೆತ್ತನೆಯ ಚಪ್ಪಲಿ, ಮೊಮ್ಮಗಳು ಬರೆದ ಚಿತ್ರ. ರಾಮನಗರದಲ್ಲಿ ಚಹಾಕ್ಕೆ ನಿಂತಾಗ ಎರಡು ಬನ್ನು ತಿಂದಳು. ಅಮ್ಮನನ್ನು ಎತ್ತಿ ಕೂರಿಸಬೇಕಲ್ಲ, ಶಕ್ತಿ ಬೇಕು ಎಂದು ನಕ್ಕಳು. ಸ್ವಪ್ನಾ ಹೌದು, ಹೌದು ಎನ್ನುತ್ತಿದ್ದಳು. ಜಾಹಿದ ಚಾಚಾ ಕನ್ನಡಿಯಲ್ಲಿ ಒಮ್ಮೆ ನೋಡಿದ, ಮತ್ತೊಮ್ಮೆ ನೋಡಿದ, ಮೂರನೆಯ ಸಲ ಕನ್ನಡಿಯನ್ನೇ ಬೇರೆ ಕಡೆ ತಿರುಗಿಸಿಬಿಟ್ಟ.

ಹಳಿಯಾಳ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಗಾಡಿ ಆಮೆ ನಡಿಗೆಗೆ ಬಂತು. ಮುಂಡಗೋಡ ಇನ್ನು ದೂರವಿರಲಿಲ್ಲ. ಆಸ್ಪತ್ರೆಯ ಮುಂದೆ ಮಂದಿ ನೆರೆದಿರುವುದಿಲ್ಲ, ಅಳುವ ನೆಂಟರಿಲ್ಲ, ನೂರಿಯಾಳಿಗೆ ನೋಡಿ ತಿಳಿದುಕೊಳ್ಳಲು ಏನೂ ಇಲ್ಲ. ನೆಟ್ಟಗೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಾಳೆ, ಕೈಯಲ್ಲಿ ಮೆತ್ತನೆಯ ಚಪ್ಪಲಿ ಹಿಡಿದು. ಸ್ವಪ್ನಾ ಮುಂದಕ್ಕೆ ಬಾಗಿ ಸೀಟಿನ ಬೆನ್ನು ಹಿಡಿದುಕೊಂಡಳು. ಚಾಚಾ, ಗಾಡಿ ಬಾಜೂಕ ತಗೋರಿ ಎಂದಳು.

ಅವನು ರಸ್ತೆಯ ಬದಿಗೆ, ಕಬ್ಬಿನ ಗದ್ದೆಯ ಅಂಚಿಗೆ ನಿಲ್ಲಿಸಿ, ತಾನು ಇಳಿದು ದೂರ ಹೋಗಿ ನಿಂತ. ಸ್ವಪ್ನಾಳೂ ಇಳಿದಳು. ನಿನಗೆ ವಾಂತಿಯೇ ಎಂದು ಕೇಳುತ್ತ ನೂರಿಯಾ ಹಿಂದೆಯೇ ಇಳಿದು ನೀರಿನ ಬಾಟಲಿ ಕೊಡಲು ಬಂದಳು. ಸ್ವಪ್ನಾ ಅದನ್ನು ತೆಗೆದುಕೊಳ್ಳಲಿಲ್ಲ. ಸ್ಪ್ಯಾನಿಷ್‌ನಲ್ಲಿ, ಆ ಎರಡೇ ಶಬ್ದದಲ್ಲಿ, ತೀರಿಕೊಂಡಿದ್ದಾರೆ ಎಂದಳು.

ನೂರಿಯಾ ಬಾಟಲಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಈಗಲೇ, ಈಗ ಫೋನು ಬಂತೇ ಎಂದು ಕೇಳಿದಳು. ನಾನು ದಾರಿಯಲ್ಲಿದ್ದಾಗ ಹೋದಳೇ?

ಹೌದು ಎಂದರೆ ಮುಗಿಯುತ್ತಿತ್ತು. ಎಷ್ಟು ಸುಲಭದ ಹೌದು. ಸಾಯುವ ತನಕ ಯಾರೂ ಕೇಳುತ್ತಿರಲಿಲ್ಲ.

"ಇಲ್ಲ. ಗುರುವಾರ, ಹನ್ನೊಂದು ಗಂಟೆಗೆ. ನಾನು ನಿಮಗೆ ಫೋನು ಮಾಡುವ ಮೊದಲೇ."

ಒಂದು ಟ್ರ್ಯಾಕ್ಟರು ಹಾದುಹೋಯಿತು, ಅದರ ಹಿಂದೆ ಇನ್ನೊಂದು. ನೂರಿಯಾ ಅವಳ ಮುಖವನ್ನೇ ನೋಡುತ್ತಿದ್ದಳು. ಸಿಟ್ಟಿಗೆ ಮೊದಲು ಆಕೆಗೆ ಬಂದದ್ದು ಕರುಣೆ, ಅದು ಸ್ವಪ್ನಾಳಿಗೆ ಹೊಡೆತಕ್ಕಿಂತ ಹೆಚ್ಚಾಯಿತು. ನಿನಗೆ ಹೇಳಲು ಬರಲಿಲ್ಲ ಎಂದಳು ಆಕೆ ಮೆಲ್ಲಗೆ. ಪರಭಾಷೆ ಅಲ್ಲವೇ, ಕ್ರಿಯಾಪದ ತಪ್ಪಿರಬೇಕು. ನೀನು ಹೇಳಿದ್ದು ಬೇರೆ, ನಾನು ಕೇಳಿಸಿಕೊಂಡದ್ದು ಬೇರೆ.

ಮಹಾಬಳೇಶ್ವರ ಹೇಳಿಕೊಟ್ಟಿದ್ದ ಬಾಗಿಲನ್ನು ಆಕೆಯೇ ತೆರೆದು ಹಿಡಿದಿದ್ದಳು. ಒಳಗೆ ಒಂದು ಹೆಜ್ಜೆ ಇಟ್ಟರೆ ಸಾಕು. ಬೋರ್ಡು ಸುಳ್ಳಾಗುತ್ತಿತ್ತು, ಅಕ್ಕೋರ ಆರು ಚಳಿಗಾಲ ಸುಳ್ಳಾಗುತ್ತಿದ್ದವು, ಆದರೆ ಇವಳು ಉಳಿದುಕೊಳ್ಳುತ್ತಿದ್ದಳು.

"ತಪ್ಪಲಿಲ್ಲ" ಎಂದಳು ಸ್ವಪ್ನಾ. "ಅವರು ಕಲಿಸಿದ ಹಾಗೆಯೇ ಹೇಳಿದೆ, ಪೂರ್ತಿ ಸರಿಯಾಗಿ. ಸುಳ್ಳು ಎಂದು ಗೊತ್ತಿದ್ದೇ ಹೇಳಿದೆ. ನಮ್ಮ ಕಡೆ ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಆರಾಮಿಲ್ಲ ಎಂದರೆ ಕೇಳಿದವರಿಗೆ ತಿಳಿಯುತ್ತದೆ. ನಿಮಗೆ ತಿಳಿಯಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಆದರೂ ಹೇಳಲಿಲ್ಲ. ಹೆದರಿದೆ."

"ನನ್ನ ಸಂದೇಶ?"

"ಗಾಜಿನ ಪೆಟ್ಟಿಗೆಯ ಮೇಲಿಟ್ಟು ಕೇಳಿಸಿದೆ. ಅವರು ಕೇಳಲಿಲ್ಲ. ನಗಲೂ ಇಲ್ಲ. ಅದನ್ನು ನಾನು ಬರೆದೆ."

ಈ ಮಾತಿಗೆ ನೂರಿಯಾ ಕುಸಿದಳು. ಗದ್ದೆಯ ಕಾಲುವೆಯ ದಂಡೆಯ ಮೇಲೆ, ಧೂಳಿನಲ್ಲಿ, ಕೆಂಪು ಹೂವಿನ ಅಂಗಿಯಲ್ಲೇ ಕೂತು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡಳು. ಹಿಡಿದುಕೊಳ್ಳಲು ಹತ್ತು ಕೈ ಇರಲಿ ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು. ಇದ್ದದ್ದು ಸ್ವಪ್ನಾಳ ಎರಡು ಕೈ. ಅವು ಮುಂದೆ ಹೋದವು, ನೂರಿಯಾ ಅವುಗಳನ್ನು ನೋಡಿದಳು, ಅವು ಹಿಂದೆ ಬಂದವು.

ನೂರಿಯಾಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಪಿಲಾರ್ ದೊಡ್ಡಮ್ಮ ಎಂದಳು ಆಕೆ, ತನಗೇ ಹೇಳಿಕೊಳ್ಳುವಂತೆ. ಎನ್ಕಾರ್ನಾ ಅವರ ಅಕ್ಕ, ಎಪ್ಪತ್ತೆಂಟರ ಮುದುಕಿ, ಎದೆಯೊಳಗೆ ಯಂತ್ರ ಹಾಕಿಸಿಕೊಂಡು ಬದುಕಿದವಳು. ಮುದುಕಿ ಆ ಮನೆಯಲ್ಲಿ ಒಬ್ಬಳೇ ಇದ್ದಾಳೆಂದು ಸ್ವಪ್ನಾಳಿಗೆ ಗೊತ್ತಿತ್ತು, ಅಕ್ಕೋರು ಹೇಳಿದ್ದರು. ಈಕೆ ಏನು ಹೇಳುತ್ತಾಳೋ ಎಂದು ಅವಳು ಉಸಿರು ಹಿಡಿದಳು. ಕಿವಿ ಮಂದವಾದ ದೊಡ್ಡಮ್ಮನಿಗಾಗಿ ನೂರಿಯಾ ಫೋನನ್ನು ಗಟ್ಟಿ ಕೇಳುವಂತೆ ಮಾಡಿದಳು. ಮುಟ್ಟಿದೆಯೇ, ಎನ್ಕಾರ್ನಾ ಹೇಗಿದ್ದಾಳೆ ಎಂದಿತು ಆ ಕಡೆಯ ನಡುಗುವ ದನಿ.

"ಅಮ್ಮ ತೀರಿಕೊಂಡಳು, ದೊಡ್ಡಮ್ಮ."

ಒಂದೇ ಉಸಿರಿಗೆ. ಆಮೇಲೆ ಆ ಕಡೆ ಮುದುಕಿ ಅಳತೊಡಗಿದಳು, ಈ ಕಡೆ ನೂರಿಯಾ ಫೋನು ಇಡಲಿಲ್ಲ. ಇಲ್ಲಿದ್ದೇನೆ, ಇಲ್ಲಿದ್ದೇನೆ, ನೀನು ಕುರ್ಚಿಯ ಮೇಲೆ ಕೂತುಕೋ, ನಾನು ಇಲ್ಲೇ ಇದ್ದೇನೆ ಎನ್ನುತ್ತ, ತನ್ನ ಕಣ್ಣೀರು ಗಲ್ಲದ ತನಕ ಹರಿಯುತ್ತಿದ್ದರೂ ಅವಳ ಅಳು ಮುಗಿಯುವ ತನಕ ಕಾದಳು. ಹತ್ತು ನಿಮಿಷ, ಹದಿನೈದು ನಿಮಿಷ. ಸ್ವಪ್ನಾ ನಿಂತು ನೋಡುತ್ತಿದ್ದಳು. ಇಷ್ಟೇ ಬೇಕಾಗಿತ್ತು. ಹೇಳುವುದು, ಹೇಳಿ ಫೋನು ಇಡದೆ ಇರುವುದು. ಗುರುವಾರ ಅವಳ ಕೈಯಲ್ಲಿ ಹೊತ್ತೂ ಇತ್ತು, ಫೋನೂ ಇತ್ತು, ಭಾಷೆಯೂ ಇತ್ತು.

ಅಳು ಇಳಿದ ಮೇಲೆ ಮುದುಕಿ ಮೂಗು ಸೀನಿ, ಆದರೆ ನಿನ್ನ ಮಾತು ಕೇಳಿಸಿಕೊಂಡಳಲ್ಲ ಎಂದಳು. ಮೊನ್ನೆ ನೀನು ಹೇಳಿದಾಗಿನಿಂದ ಅದನ್ನೇ ನೆನೆಯುತ್ತಿದ್ದೇನೆ. ನಕ್ಕಳಲ್ಲ, ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡು ಹೋಗಲಿಲ್ಲವಲ್ಲ. ಹೇಳು ಮಗಳೇ, ನಕ್ಕಳಲ್ಲ?

ನೂರಿಯಾ ತಲೆ ಎತ್ತಿ ಸ್ವಪ್ನಾಳನ್ನು ನೋಡಿದಳು. ಆ ನೋಟದಲ್ಲಿ ಕರುಣೆ ಉಳಿದಿರಲಿಲ್ಲ. ಇಷ್ಟು ಹೊತ್ತು ನೆಟ್ಟಗಿದ್ದ ದನಿ ಮೊದಲ ಸಲ ತಡವರಿಸಿತು.

"ಹೌದು, ದೊಡ್ಡಮ್ಮ" ಎಂದಳು. "ನಕ್ಕಳು."

ಫೋನು ಚೀಲಕ್ಕೆ ಹಾಕಿ ಎದ್ದು, ಬಟ್ಟೆಯ ಧೂಳು ಕೊಡವಿಕೊಳ್ಳದೆ ಕಾರಿನ ಹತ್ತಿರ ಹೋಗಿ, ಮುಂದಿನ ಬಾಗಿಲು ತೆಗೆದು ಕೂತಳು. ಇನ್ನು ಜೀವ ಇರುವ ತನಕ ಆಕೆ ಆ ನಗುವನ್ನು ಕೇಳಿದವರಿಗೆಲ್ಲ ಹೇಳುತ್ತಿರಬೇಕು, ಮೊದಲು ದೊಡ್ಡಮ್ಮನಿಗೆ, ಆಮೇಲೆ ಮಗಳಿಗೆ. ಜಾಹಿದ ಚಾಚಾ ಬಂದು ಗಾಡಿ ಶುರು ಮಾಡಿದ. ಸ್ವಪ್ನಾ ಹಿಂದೆ ಒಬ್ಬಳೇ ಕೂತಳು.